ಗಾಜಿನಾಚೆ ಜರಡಿ ಹಿಡಿದ ಅತ್ತಿಗೆ

ಕೆಳಗಿನ ಬೇಕರಿಯ ಒಲೆ ಇನ್ನೂ ಬಿಸಿಯಾಗುತ್ತಿರುವ ಹೊತ್ತು. ಅದರ ಮೇಲಿನ ಮಹಡಿಯಲ್ಲಿರುವ ಪುಟ್ಟ ರೇಡಿಯೋ ನಿಲಯದಲ್ಲಿ ಒಬ್ಬ ಹೆಂಗಸು ಶಾಲನ್ನು ಕಿವಿವರೆಗೂ ಹೊದ್ದು, ಒಂದು ಕೈ ಮುರಿದ ಕುರ್ಚಿಯಲ್ಲಿ ಕುಳಿತು ಕಂಪ್ಯೂಟರಿಗೆ ಬೈಯುತ್ತಿದ್ದಾರೆ. ಜೋರಾಗಿ ಏನಲ್ಲ; ಹಾಲು ಚೆಲ್ಲಿದ ಮಗುವನ್ನು ಬೈಯುವಷ್ಟು. "ರಾತ್ರೋರಾತ್ರಿ ಮತ್ತೆ ಅಲಂಕಾರ ಮಾಡ್ಕೊಂಡಿದ್ದಾಳೆ ನೋಡಿ, ಮದುವಣಗಿತ್ತಿ. ಇವಳಿಗೆ ಹೇಳೋರು ಕೇಳೋರು ಯಾರೂ ಇಲ್ಲ" ಎನ್ನುತ್ತಾ ಕನ್ನಡಕ ಒರೆಸಿಕೊಳ್ಳುತ್ತಾರೆ.

ಮದುವಣಗಿತ್ತಿ ಎಂದರೆ ಊರಿನ ದೊಡ್ಡಾಸ್ಪತ್ರೆಯ ವೆಬ್‌ಪುಟ. ಅಲ್ಲಿ ಹೂವು ಮಿನುಗುತ್ತದೆ, ಸ್ವಾಗತದ ಸಾಲು ಎಡದಿಂದ ಬಲಕ್ಕೆ ಓಡುತ್ತದೆ, ರಕ್ತದಾನದ ಸೂಚನೆಗೂ ಗುಲಾಬಿ ಬಣ್ಣ. ನೀರಿನ ಕಚೇರಿಯ ಪುಟಕ್ಕೆ ಇವರಿಟ್ಟ ಹೆಸರು ಕೂಗುಬಡಕ, ಏಕೆಂದರೆ ಅಲ್ಲಿ ಪ್ರತಿ ಸೂಚನೆಯೂ ದಪ್ಪಕ್ಷರದಲ್ಲೇ ಇರುತ್ತದೆ. ವಿದ್ಯುತ್ ಕಚೇರಿಯದು ಅವಸರದ ಮಾಮ, ಶುರು ಮಾಡಿದ್ದನ್ನು ಎಂದೂ ಮುಗಿಸದವನು. ಈ ಪುಟಗಳನ್ನು ಬರೆಯುವವರ ಮುಖವನ್ನು ಇವರು ಒಮ್ಮೆಯೂ ಕಂಡಿಲ್ಲ. ಆದರೂ ಅವರ ಕೈಯ ಚಾಳಿಯನ್ನು ನೆರೆಮನೆಯವರಷ್ಟೇ ಚೆನ್ನಾಗಿ ಬಲ್ಲರು.

ನಿಲಯದಲ್ಲಿ ಇವರಿಗೂ ಒಂದು ಹೆಸರಿದೆ: ಜರಡಿ ಅತ್ತಿಗೆ. ನಿಜವಾದ ಅತ್ತಿಗೆಯಾಗಿರುವುದು ಒಬ್ಬರಿಗೆ ಮಾತ್ರ. ಗಾಜಿನ ಆಚೆ ಮೈಕಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಬಿಸಿನೀರು ಗುಟುಕರಿಸಿ ಗಂಟಲು ಸರಿಮಾಡಿಕೊಳ್ಳುತ್ತಿರುವ ನಾದಿನಿಗೆ. ಆರೂವರೆಯ ವಾರ್ತೆ ಅವರದು. ಹುಟ್ಟಿನಿಂದಲೇ ಕಣ್ಣು ಕಾಣದ ಅವರು ವಾರ್ತೆಯನ್ನು ಓದುವುದು ಕಿವಿಯಿಂದ.

ಅದು ಹೇಗೆಂದು ನೋಡಲು ಒಂದು ಬೆಳಿಗ್ಗೆ ಅಲ್ಲಿ ಕುಳಿತಿರಬೇಕು. ನಾದಿನಿಯ ಎಡಗಿವಿಯಲ್ಲೊಂದು ಇಯರ್‌ಫೋನ್. ಅದರೊಳಗೆ ಯಂತ್ರದ ದನಿಯೊಂದು, ಮನೆಯವರು ಕರೆಯುವಂತೆ ತಗಡಣ್ಣ, ಕಚೇರಿಗಳ ವೆಬ್‌ಪುಟಗಳನ್ನು ಗಡಗಡನೆ ಓದುತ್ತಾ ಹೋಗುತ್ತಾನೆ. ಅವನಿಗಿಂತ ಅರ್ಧ ವಾಕ್ಯ ಹಿಂದೆ ನಾದಿನಿಯ ಬಾಯಿ. ತಗಡಣ್ಣ ಒದರಿದ್ದು ಒಳಗೆ ಹೋಗಿ, ಹೊರಗೆ ಬರುವಾಗ ಮನೆಯ ಹಿರಿಯಕ್ಕ ಪಕ್ಕದಲ್ಲಿ ಕುಳಿತು ಹೇಳಿದ ಹಾಗಿರುತ್ತದೆ. ಕೇಳುತ್ತಾ ಹೇಳುವುದು, ಹೇಳುತ್ತಾ ಮುಂದಿನದನ್ನು ಕೇಳುವುದು. ಒಮ್ಮೆ ನೀವೇ ಮಾಡಿ ನೋಡಿ, ಎರಡನೇ ಸಾಲಿಗೆ ನಾಲಿಗೆ ಗಂಟು ಬೀಳುತ್ತದೆ.

ತೊಂದರೆ ಇರುವುದು ತಗಡಣ್ಣನಲ್ಲಿ. ಅವನು ಹಳೆಯ ಕಾಲದವನು, ಹೊಸಬನನ್ನು ತರಲು ಈ ನಿಲಯದ ಕೈಯಲ್ಲಿ ಆಗದು. ನಮಗೆ ನಿಮಗೆಲ್ಲ ವೆಬ್‌ಪುಟದ ಮುಖ ಕಾಣುತ್ತದೆ. ಅವನಿಗೆ ಕಾಣುವುದು ಹೊಟ್ಟೆ ಮಾತ್ರ. ಅಲ್ಲಿ ಮಾತುಗಳ ನಡುನಡುವೆ ಟ್ಯಾಗ್ ಎಂಬ ಆಜ್ಞೆಗಳು ತುಂಬಿಕೊಂಡಿರುತ್ತವೆ. ಇಲ್ಲಿಂದ ದಪ್ಪಕ್ಷರ ಮಾಡು, ಇಲ್ಲಿಗೆ ನಿಲ್ಲಿಸು, ಇದಕ್ಕೆ ಕೆಂಪು ಬಳಿ, ಅದನ್ನು ನಡುವಿಗೆ ತಾ. ತಗಡಣ್ಣನಿಗೆ ಆಜ್ಞೆ ಯಾವುದು, ಮಾತು ಯಾವುದು ಎಂಬ ಭೇದವಿಲ್ಲ, ಕಂಡದ್ದನ್ನೆಲ್ಲ ಓದುತ್ತಾನೆ. ಅವನಿಗೂ ಪುಟಕ್ಕೂ ನಡುವೆ ಒಂದು ಜರಡಿ ಹಿಡಿದು, ಟ್ಯಾಗುಗಳನ್ನು ಸೋಸಿ, ಬರೀ ಮಾತನ್ನು ಕೆಳಗಿಳಿಸಬೇಕು. ಆ ಜರಡಿಯ ಹೆಸರು ಫಿಲ್ಟರ್. ಅದನ್ನು ಬರೆಯುವುದೇ ಅತ್ತಿಗೆಯ ಕೆಲಸ.

"ಎಲ್ಲರೂ ಒಂದೇ ಥರ ಬರೆದಿದ್ರೆ ನನಗೇನು ಕೆಲಸ ಇತ್ತು? ಒಂದು ವಾರದಲ್ಲಿ ಬರೆದು ಮುಗಿಸಿ ಮನೇಲಿ ಕೂತಿರ್ತಿದ್ದೆ" ಎನ್ನುತ್ತಾರೆ ಅವರು. "ಒಬ್ಬರು ಟ್ಯಾಗನ್ನ ದೊಡ್ಡಕ್ಷರದಲ್ಲಿ ಬರೀತಾರೆ, ಒಬ್ಬರು ಸಣ್ಣಕ್ಷರದಲ್ಲಿ, ಒಬ್ಬರು ಅರ್ಧ ಅದು ಅರ್ಧ ಇದು. ಒಬ್ಬರು ಮಧ್ಯದಲ್ಲಿ ಮುರಿದು ಮುಂದಿನ ಸಾಲಿಗೆ ಹಾಕ್ತಾರೆ. ಇವತ್ತು ನೋಡಿ, ಜಾಗ ಬಿಡಬೇಕಾದ ಕಡೆಯೆಲ್ಲ ಮದುವಣಗಿತ್ತಿ ಓರೆಗೆರೆ ಹಾಕಿದ್ದಾಳೆ. ಬ್ರೌಸರಿದೆಯಲ್ಲ, ಅದು ಧಾರಾಳಿ. ಏನು ಬರೆದರೂ ಅರ್ಥ ಮಾಡ್ಕೊಂಡು ಚೆನ್ನಾಗೇ ತೋರಿಸುತ್ತೆ. ಅದಕ್ಕೇ ಬರೆದೋರಿಗೆ ತಾವು ತಪ್ಪು ಬರೆದಿದ್ದೀವಿ ಅಂತ ಗೊತ್ತೇ ಆಗಲ್ಲ."

ಹಿಂದೊಮ್ಮೆ ಅವರು ಕೂಗುಬಡಕನ ಕಚೇರಿಗೆ ಫೋನ್ ಮಾಡಿ ಹೇಳಿದ್ದೂ ಉಂಟು. "ನಮ್ಮ ಪುಟ ಚೆನ್ನಾಗೇ ಕಾಣುತ್ತಲ್ಲ ಮೇಡಂ" ಎಂದು ಆಚೆಯಿಂದ ಉತ್ತರ ಬಂತು. ಅದು ಸುಳ್ಳೂ ಅಲ್ಲ. ಅಂದಿನಿಂದ ಅವರು ಯಾರಿಗೂ ಫೋನ್ ಮಾಡಿಲ್ಲ, ಜರಡಿಯನ್ನೇ ತಿದ್ದುತ್ತಾರೆ.

ಅವರ ಮೊದಲ ಕಸುಬು ಹೊಲಿಗೆ. ಹೊಸ ಬಟ್ಟೆ ಹೊಲಿಯುವುದಲ್ಲ, ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡಿಕೊಡುವುದು. ಗಲ್ಲಿಯೊಂದರ ಕೊನೆಯಲ್ಲಿ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಂಥ ಅಂಗಡಿ. ಸೊಂಟ ಬಿಗಿಯಾದ ಪ್ಯಾಂಟು, ತೋಳು ಉದ್ದವಾದ ಕೋಟು, ಎಲ್ಲ ಅಲ್ಲಿಗೆ ಬರುತ್ತಿದ್ದವು. "ಹೊಲಿಗೆ ಬಿಚ್ಚುವಾಗ ಗೊತ್ತಾಗುತ್ತೆ, ಒಬ್ಬೊಬ್ಬರ ಕೈಗೂ ಒಂದೊಂದು ಗಂಟು. ಕೆಲವರು ದಾರಾನ ಮೂರು ಸಲ ಸುತ್ತುತ್ತಾರೆ. ಕೆಲವರು ಗಂಟೇ ಹಾಕಲ್ಲ, ದೇವರ ಮೇಲೆ ಭಾರ ಹಾಕಿ ಬಿಟ್ಟುಬಿಡ್ತಾರೆ." ಅಂಗಡಿಯ ಹೆಸರನ್ನು ಇಂಟರ್‌ನೆಟ್ಟಿಗೆ ಹಾಕಬೇಕೆಂದು ಸಂಜೆಯ ಕಂಪ್ಯೂಟರ್ ತರಗತಿಗೆ ಸೇರಿದರು. ಅಂಗಡಿಯ ಪುಟವನ್ನು ಹತ್ತು ಜನ ನೋಡಿದರೋ ಇಲ್ಲವೋ. ಆದರೆ ಪುಟದ ಒಳಗನ್ನು ಮೊದಲ ಸಲ ತೆರೆದು ನೋಡಿದಾಗ ಅವರಿಗೆ ಅನಿಸಿದ್ದು, ಅಯ್ಯೋ, ಇದೂ ಹೊಲಿಗೆಯೇ.

ಆ ಕಾಲಕ್ಕೇ ನಾದಿನಿಗೆ ರೇಡಿಯೋದಲ್ಲಿ ಕೆಲಸ ಸಿಕ್ಕಿತ್ತು, ಖಾಯಂ ಅಲ್ಲ, ನೋಡೋಣ ಎಂಬ ಲೆಕ್ಕದಲ್ಲಿ. ತಗಡಣ್ಣನ ಜೊತೆಗೇ ಬಂದಿದ್ದ ಸಿದ್ಧ ಫಿಲ್ಟರ್ ಒಂದಿತ್ತು. ಪುಸ್ತಕದಲ್ಲಿರುವಂತೆ ಬರೆದ ಟ್ಯಾಗ್ ಸಿಕ್ಕರೆ ಸೋಸುತ್ತಿತ್ತು. ಸ್ವಲ್ಪ ಸೊಟ್ಟಗಿದ್ದರೆ ಹಾಗೇ ಬಿಟ್ಟುಬಿಡುತ್ತಿತ್ತು. ಮೊದಲ ವಾರವೇ ನಾದಿನಿಯ ಬಾಯಲ್ಲಿ ಇಡೀ ಊರಿಗೆ ಕೇಳಿಸಿದ್ದು ಇದು: "ನಾಳೆ ಬೆಳಿಗ್ಗೆ ಫಾಂಟ್ ಕಲರ್ ಕೆಂಪು ನೀರು ಬರುವುದಿಲ್ಲ." ಕೆಂಪು ನೀರು ಎಂದರೆ ಏನೆಂದು ಕೇಳಿ ನಿಲಯಕ್ಕೆ ಕರೆಗಳ ಸುರಿಮಳೆ. ನಾದಿನಿ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡರು. ಅತ್ತಿಗೆ ಆ ದಿನದಿಂದಲೇ ಜರಡಿ ನೇಯಲು ಕುಳಿತರು.

ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ ಎಂದು ನಂಬಿದವರು ಇವರ ಮನೆಗೊಮ್ಮೆ ಹೋಗಬೇಕು. ಅಲ್ಲೂ ಜಗಳವಿದೆ, ಆದರೆ ಎಲ್ಲ ಟ್ಯಾಗಿನ ಮೇಲೆ. ಇಬ್ಬರ ನಡುವೆ ಸಿಕ್ಕಿಬಿದ್ದಿರುವ ಗಂಡ, ಅಂದರೆ ನಾದಿನಿಯ ಅಣ್ಣ, ಕೊಳಾಯಿ ರಿಪೇರಿಯವರು. "ನಾನು ಪೈಪಿನ ಕಸ ತೆಗೀತೀನಿ, ಇವಳು ಪುಟದ ಕಸ ತೆಗೀತಾಳೆ. ನನ್ನ ಕೆಲಸ ಮುಗಿದಾಗ ಜನ ನಲ್ಲಿ ತಿರುಗಿಸಿ ನೋಡ್ತಾರೆ. ಇವಳದ್ದನ್ನ ಯಾರು ನೋಡಬೇಕು?" ಎಂದು ಚಹಾದ ಲೋಟ ಕೈಗಿಡುತ್ತಾ ಕೇಳುತ್ತಾರೆ.

ಆದರೆ ಜರಡಿಯೂ ಒಮ್ಮೆ ಕೈಕೊಟ್ಟಿತು. ಈ ಊರಿನ ಕಚೇರಿಗಳಿಗೆ ಒಂದು ಪದ್ಧತಿಯಿದೆ. ಒಮ್ಮೆ ಹಾಕಿದ ಸೂಚನೆಯನ್ನು ಅಳಿಸುವಂತಿಲ್ಲ. ಬದಲಾದರೆ ಹಳೆಯದರ ಮೇಲೆ ಗೆರೆ ಎಳೆದು, ಕೆಳಗೆ ಹೊಸದನ್ನು ಬರೆಯಬೇಕು. ಹಿಂದೆ ಏನು ಹೇಳಿದ್ದೆವು ಎಂಬುದು ಜನಕ್ಕೆ ಕಾಣುತ್ತಿರಲಿ ಎಂಬ ಸದುದ್ದೇಶ. ಒಂದು ಚಳಿಗಾಲದ ಬೆಳಿಗ್ಗೆ ಸಾರಿಗೆ ಕಚೇರಿಯವರು "ಕಾರ್ಖಾನೆ ಬಸ್ಸು ಎಂದಿನ ಸಮಯಕ್ಕೆ ಹೊರಡುತ್ತದೆ" ಎಂಬುದರ ಮೇಲೆ ಗೆರೆ ಎಳೆದು, ಎಷ್ಟೋ ಕೆಳಗೆ, ಬೇರೆ ಸೂಚನೆಗಳೆಲ್ಲ ಮುಗಿದ ಮೇಲೆ, ಬಸ್ಸು ಇಲ್ಲವೆಂದು ಬರೆದಿದ್ದರು. ಕಣ್ಣಿಗೆ ಗೆರೆ ಕಾಣುತ್ತದೆ. ಅತ್ತಿಗೆಯ ಫಿಲ್ಟರ್ ಗೆರೆ ಎಳೆಯುವ ಟ್ಯಾಗನ್ನೂ ದಪ್ಪಕ್ಷರದ ಟ್ಯಾಗಿನಂತೆಯೇ ಕಸವೆಂದು ಬಿಸಾಡಿ, ಒಳಗಿದ್ದ ಮಾತನ್ನು ಜೋಪಾನವಾಗಿ ಕೆಳಗಿಳಿಸಿತು. ರದ್ದಾದ ಮಾತು ಜೀವ ತಳೆದು ರೇಡಿಯೋದಲ್ಲಿ ಹೊರಟಿತು. ಬಸ್ಸು ಇಲ್ಲವೆಂಬ ಸಾಲು ಬರುವಷ್ಟರಲ್ಲಿ ಮನೆ ಬಿಟ್ಟಾಗಿದ್ದ ಕಾರ್ಖಾನೆಯ ಹೆಂಗಸರು ಕೊರೆವ ಚಳಿಯಲ್ಲಿ, ಬಾರದ ಬಸ್ಸಿಗೆ ಕಾದು ನಿಂತರು.

ನಿಲಯದ ಮುಖ್ಯಸ್ಥರು ಕೆಟ್ಟವರಲ್ಲ. ಆದರೆ ಕೇಳುಗರ ಬೈಗುಳ ಮೊದಲು ಬೀಳುವುದು ಅವರ ತಲೆಗೆ. ನಾದಿನಿಯನ್ನು ಕರೆದು ಹೇಳಿದರು: "ನಿನ್ನ ದನಿ ಬಗ್ಗೆ ನನ್ನದೇನೂ ತಕರಾರಿಲ್ಲಮ್ಮ. ಆದರೆ ಇನ್ನೊಂದು ಸಲ ಹೀಗಾದ್ರೆ ಬೆಳಗಿನ ವಾರ್ತೆಗೆ ಕಣ್ಣಿರೋರನ್ನ ಕೂರಿಸಬೇಕಾಗುತ್ತೆ. ನೀನು ಮಧ್ಯಾಹ್ನ ಹಾಡು ಹಾಕು."

ನಾದಿನಿ ಆ ಮಾತನ್ನು ಇಂದಿಗೂ ಮರೆತಿಲ್ಲ. "ಹಾಡು ಹಾಕೋದು ಕೀಳು ಅಂತಲ್ಲ. ಆದರೆ ಕಣ್ಣಿರೋರು ಅಂದರಲ್ಲ, ಅದು ಚುಚ್ಚಿತು. ಓದೋದ್ರಲ್ಲಿ ನಾನು ತಪ್ಪಿರಲಿಲ್ಲ" ಎನ್ನುತ್ತಾರೆ. ಅತ್ತಿಗೆಗೆ ಅದಕ್ಕಿಂತ ಹೆಚ್ಚು ಚುಚ್ಚಿತ್ತು. ತಪ್ಪಿದ್ದು ತನ್ನ ಜರಡಿ, ಹೋಗುತ್ತಿರುವುದು ನಾದಿನಿಯ ಕುರ್ಚಿ. "ನಾನು ಕಸ ಅಂತ ಎಸೆದದ್ದು ಕಸ ಆಗಿರಲಿಲ್ಲ. ಬಟ್ಟೆ ಬಿಚ್ಚೋವಾಗ ಹೀಗೆ ಮಾಡ್ತಿದ್ನಾ? ದಾರ ಯಾಕಿದೆ ಅಂತ ನೋಡದೆ ಕತ್ತರಿ ಹಾಕ್ತಿದ್ನಾ?" ಎಂದು ಈಗಲೂ ತಮ್ಮನ್ನೇ ಕೇಳಿಕೊಳ್ಳುತ್ತಾರೆ.

ಅಂಗಡಿಗೆ ಬೀಗ ಹಾಕಿ, ಪಟ್ಟು ಹಿಡಿದು ಕುಳಿತು ಇಡೀ ಫಿಲ್ಟರನ್ನು ಹೊಸದಾಗಿ ಬರೆದರು. ಗೆರೆ ಎಳೆಯುವುದರಲ್ಲೂ ಎಷ್ಟು ಬಗೆಯೆಂದು ಆಗಲೇ ಗೊತ್ತಾಗಿದ್ದು. ಅದಕ್ಕೆಂದೇ ಇರುವ ಟ್ಯಾಗುಗಳೇ ಮೂರು. ಒಂದು ಕಚೇರಿ ಒಂದನ್ನು ಬಳಸಿದರೆ ಇನ್ನೊಂದು ಮತ್ತೊಂದನ್ನು. ಅವನ್ನು ಸೊಟ್ಟಗೆ ಬರೆದವರು, ತೆರೆದು ಮುಚ್ಚದೆ ಬಿಟ್ಟವರು ಬೇರೆ. ಆ ಗೆರೆಯೊಳಗಿನ ಮಾತು ಇನ್ನು ನಾದಿನಿಯ ಕಿವಿಗೆ ಬೀಳದಂತೆ ಮಾಡಿದರು. ಬಣ್ಣ, ದಪ್ಪ, ಅಲಂಕಾರ ಎಂದು ಖಾತ್ರಿಯಿರುವ ಟ್ಯಾಗುಗಳನ್ನು ಮಾತ್ರ ಸದ್ದಿಲ್ಲದೆ ಸೋಸಿದರು. ಇವೆರಡೂ ಅಲ್ಲದ, ತನಗೆ ಗೊತ್ತಿಲ್ಲದ ಟ್ಯಾಗ್ ಸಿಕ್ಕರೆ? ಅಲ್ಲೇ ಅವರ ತಲೆ ಓಡಿದ್ದು. ಅಂಥದ್ದು ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು, ನಾದಿನಿಯ ಕಿವಿಯಲ್ಲಿ "ಟಿಕ್" ಎಂಬ ಸಣ್ಣ ಸದ್ದು ಕೇಳಿಸುವಂತೆ ಮಾಡಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಜರಡಿ. ಕೇಳುಗರಿಗೆ ಅದು ಕೇಳಿಸದು. ಟಿಕ್ ಎಂದರೆ ನಾದಿನಿ ನಿಧಾನಿಸಬೇಕು. ಗಾಜಿನ ಈಚೆ ಅತ್ತಿಗೆ ಆ ಸಾಲಿನ ಹೊಟ್ಟೆ ತೆರೆದು ನೋಡಬೇಕು. ಆ ಮಾತನ್ನು ಓದಬಹುದಾದರೆ ಗಾಜಿಗೆ ಒಂದು ಬಡಿತ, ಓದಬಾರದಾದರೆ ಎರಡು.

ನದಿ ಉಕ್ಕಿದ ಬೆಳಿಗ್ಗೆ ಬಂದದ್ದು ಇದೆಲ್ಲ ಸಿದ್ಧವಾದ ಕೆಲವೇ ವಾರಗಳಲ್ಲಿ. ರಾತ್ರಿಯೆಲ್ಲ ಮಳೆ. ಊರನ್ನು ಆಚೆ ದಡಕ್ಕೆ ಜೋಡಿಸುವುದು ಎರಡು ಸೇತುವೆ, ಹಳೆಯದೊಂದು, ಹೊಸದೊಂದು. ಆರೂವರೆಯ ವಾರ್ತೆಗೆ ಊರೇ ಕಿವಿಯಾಗಿ ಕುಳಿತಿತ್ತು. ಮುಖ್ಯಸ್ಥರು ಮನೆಯಿಂದ ನೆನೆಯುತ್ತಾ ಬಂದು ಅತ್ತಿಗೆಯ ಪಕ್ಕದಲ್ಲೇ ಕೈಕಟ್ಟಿ ನಿಂತರು. ನಾದಿನಿಗೆ ಅವರ ಒದ್ದೆ ಬೂಟಿನ ಸದ್ದು ಕೇಳಿತ್ತು, ಯಾಕೆ ನಿಂತಿದ್ದಾರೆ ಎಂಬುದೂ ಗೊತ್ತಿತ್ತು.

ಪ್ರವಾಹ ಕಚೇರಿಯ ಪುಟ ಆ ರಾತ್ರಿ ಅದೆಷ್ಟು ಸಲ ಬದಲಾಗಿತ್ತೋ. ನಿದ್ದೆಗೆಟ್ಟ ಕೈಯೊಂದು ಹೊಡೆದುಹಾಕಿ ಬರೆದು, ಮತ್ತೆ ಹೊಡೆದುಹಾಕಿತ್ತು. ಹೆಚ್ಚಿನವನ್ನು ಜರಡಿ ಗುರುತು ಹಿಡಿದು ಸೋಸಿಕೊಂಡು ಬಂತು. ನಾದಿನಿಯ ದನಿ ಎಲ್ಲೂ ಎಡವದೆ ಸಾಗಿತ್ತು. ಆಗ ಕಿವಿಯಲ್ಲಿ ಟಿಕ್. ತಗಡಣ್ಣ ಓದಿದ: "ಹಳೆ ಸೇತುವೆ ಸಂಚಾರಕ್ಕೆ ತೆರೆದಿದೆ." ಮತ್ತೆ ಟಿಕ್.

ನಾದಿನಿ ಆ ಸಾಲನ್ನು ಹೇಳದೆ ನಿಲ್ಲಿಸಿದರು. ರೇಡಿಯೋದಲ್ಲಿ ಮೌನ. ವಾರ್ತೆ ಓದುವವರ ಪಾಲಿಗೆ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಮುಂದೆ ಓದು ಎಂದು ಬಡಿಯಲು ಮುಖ್ಯಸ್ಥರ ಕೈ ಗಾಜಿನತ್ತ ಎದ್ದಿತು. ಅತ್ತಿಗೆ ಅವರತ್ತ ನೋಡಲೂ ಇಲ್ಲ. ಅವರ ಕಣ್ಣು ಪರದೆಯ ಮೇಲಿನ ಒಂದು ಟ್ಯಾಗಿಗೆ ನೆಟ್ಟಿತ್ತು. ಗೆರೆಯ ಮೂರು ಟ್ಯಾಗುಗಳಲ್ಲಿ ಯಾವುದೂ ಅದಲ್ಲ. ಹೆಸರೇ ಕೇಳದ ಟ್ಯಾಗೊಂದನ್ನು ಬರೆದವರೇ ಹುಟ್ಟಿಸಿ, ಎರಡು ಸಾಲಿಗೆ ಮುರಿದು, ಅದರೊಳಗೆ "ಅಕ್ಷರದ ನಡುವೆ ಗೆರೆ ಎಳೆ" ಎಂಬ ಅಲಂಕಾರದ ಆಜ್ಞೆಯನ್ನು ತುರುಕಿದ್ದರು. ಬ್ರೌಸರ್ ಅದನ್ನೂ ಒಪ್ಪಿಕೊಂಡು ಸೊಗಸಾಗಿ ಗೆರೆ ಎಳೆದು ತೋರಿಸುತ್ತಿತ್ತು. ಅತ್ತಿಗೆ ಗಾಜಿಗೆ ಎರಡು ಸಲ ಬಡಿದರು.

"ಹಳೆ ಸೇತುವೆ ಮುಚ್ಚಿದೆ," ಮುಂದಿನ ಸಾಲನ್ನು ಕೇಳಿಸಿಕೊಂಡು ನಾದಿನಿ ಹೇಳಿದರು. "ಮತ್ತೊಮ್ಮೆ ಹೇಳುತ್ತೇನೆ, ಹಳೆ ಸೇತುವೆ ಮುಚ್ಚಿದೆ. ದಯವಿಟ್ಟು ಯಾರೂ ಅತ್ತ ಹೋಗಬೇಡಿ."

ಅದಕ್ಕೂ ಮೊದಲಿನಿಂದಲೇ ಬಸ್ ನಿಲ್ದಾಣದ ಧ್ವನಿವರ್ಧಕ, ಅದೇ ಪುಟವನ್ನು ತಾನೇ ಓದಿಕೊಂಡು, ಹಳೆ ಸೇತುವೆ ತೆರೆದಿದೆ ಎಂದು ಸಾರುತ್ತಿತ್ತು. ಕೆಳಗಿನ ಬೇಕರಿಯ ವ್ಯಾನ್ ಚಾಲಕ ಅದನ್ನು ನಂಬಿ, ಗಾಡಿಯ ರೇಡಿಯೋದಲ್ಲಿ ನಾದಿನಿಯ ವಾರ್ತೆ ಕೇಳುತ್ತಲೇ, ಹಳೆ ಸೇತುವೆಯ ದಾರಿ ಹಿಡಿದಾಗಿತ್ತು. "ನಮ್ಮ ಅಕ್ಕ ಎಂದೂ ಮಾತಿನ ಮಧ್ಯೆ ನಿಲ್ಲಿಸಿದೋರಲ್ಲ. ಸುಮ್ಮನಾಗಿದ್ದು ಕೇಳಿ ಬ್ರೇಕ್ ಒತ್ತಿಬಿಟ್ಟೆ. ಆಮೇಲೆ ಮುಚ್ಚಿದೆ ಅಂದ್ರು. ಅಲ್ಲೇ ಗಾಡಿ ತಿರುಗಿಸಿ, ನನ್ನ ಹಿಂದೆ ಬರ್ತಿದ್ದ ಶಾಲೆ ವ್ಯಾನನ್ನೂ ತಿರುಗಿಸಿದೆ" ಎಂದು ಅವನು ಈಗಲೂ ಕೇಳಿದವರಿಗೆಲ್ಲ ಹೇಳುತ್ತಾನೆ. ಹೊತ್ತು ಮೇಲೇರುವ ಮುಂಚೆಯೇ ಹಳೆ ಸೇತುವೆಯ ನಡುಗಂಬ ಕುಸಿಯಿತು. ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅಂದು ಮಧ್ಯಾಹ್ನ ನಿಲಯದ ಮೆಟ್ಟಿಲ ಮೇಲೆ ಜನವೋ ಜನ. ವ್ಯಾನ್ ಚಾಲಕ ಬುಟ್ಟಿ ತುಂಬ ಬಿಸಿ ಬನ್ನು ಹೊತ್ತು ತಂದ. ಹಿಂದೆ ಚಳಿಯಲ್ಲಿ ಕಾದು ಶಾಪ ಹಾಕಿದ್ದ ಕಾರ್ಖಾನೆಯ ಹೆಂಗಸರೂ ಬಂದು ನಾದಿನಿಯ ಕೈ ಹಿಡಿದುಕೊಂಡರು. ಮುಖ್ಯಸ್ಥರು ಎಲ್ಲರೆದುರಿಗೆ ನಿಂತು, "ಬೆಳಗಿನ ಕುರ್ಚಿ ಈಕೇದು. ನಾನು ಹೋದ ಮೇಲೂ ಈಕೇದೇ" ಎಂದರು. ಖಾಯಂ ಆದೇಶವೂ ಅದೇ ವಾರ ಬಂತು. ಅತ್ತಿಗೆ ಆಗ ಎಲ್ಲಿದ್ದರು? ಒಳಗೆ, ಆ ಹೊಸ ಟ್ಯಾಗನ್ನು ತಮ್ಮ ಚಿಂದಿಗಂಟಿಗೆ ಸೇರಿಸುತ್ತಿದ್ದರು.

ಚಿಂದಿಗಂಟು ಅವರ ಆಸ್ತಿ. ದರ್ಜಿಗಳು ತುಂಡುಬಟ್ಟೆ ಕೂಡಿಡುವಂತೆ, ಇದುವರೆಗೆ ಕಂಡ ಸೊಟ್ಟ ಟ್ಯಾಗುಗಳನ್ನೆಲ್ಲ ಅವರು ಕೂಡಿಟ್ಟಿದ್ದಾರೆ. ಫಿಲ್ಟರಿಗೆ ಹೊಸ ನಿಯಮ ಸೇರಿಸಿದಾಗಲೆಲ್ಲ ಆ ಇಡೀ ಗಂಟನ್ನು ಒಮ್ಮೆ ಜರಡಿಯ ಮೂಲಕ ಹಾಯಿಸುತ್ತಾರೆ. "ಒಂದು ತೂತು ಮುಚ್ಚೋಕೆ ಹೋಗಿ ಪಕ್ಕದ ಹೊಲಿಗೆ ಬಿಟ್ಟುಹೋದ್ರೆ?" ಎನ್ನುವುದು ಅವರ ಭಯ. ಬಸ್ ನಿಲ್ದಾಣದವರು ಆಮೇಲೆ ಇದೇ ಫಿಲ್ಟರನ್ನು ಕೇಳಿ ಪಡೆದರು. ಪಕ್ಕದ ಊರುಗಳ ಎರಡು ರೇಡಿಯೋಗಳೂ, ಕಣ್ಣು ಕಾಣದ ಮಕ್ಕಳ ಶಾಲೆಯೊಂದೂ ಈಗ ಅದನ್ನೇ ಬಳಸುತ್ತವೆ. ಎಲ್ಲಿಯಾದರೂ ಹೊಸ ಬಗೆಯ ಸೊಟ್ಟ ಟ್ಯಾಗ್ ಸಿಕ್ಕರೆ ಅವರು ಇವರಿಗೆ ಕಳಿಸುತ್ತಾರೆ. ಅಂಥದ್ದೊಂದು ಬಂದ ದಿನ ಅತ್ತಿಗೆಯ ಮುಖ ನೋಡಬೇಕು, ತವರಿನಿಂದ ಬುತ್ತಿ ಬಂದಷ್ಟು ಸಂಭ್ರಮ.

ಪ್ರವಾಹದ ಮರುದಿನ ವಾರ್ತೆಯ ಕೊನೆಗೆ ಅತ್ತಿಗೆಯ ವಿಷಯ ಹೇಳಿಯೇ ತೀರುತ್ತೇನೆಂದು ನಾದಿನಿ ಹಟ ಹಿಡಿದಿದ್ದರಂತೆ. "ಹೇಳಿದ್ರೆ ನಿನ್ನನ್ನೂ ಟ್ಯಾಗ್ ಅಂತ ಸೋಸಿಬಿಡ್ತೀನಿ ಅಂದೆ. ಸುಮ್ಮನಾದಳು" ಎಂದು ಅತ್ತಿಗೆ ನಗುತ್ತಾರೆ. ಹಾಗಾದರೆ ಅವರಿಗೆ ಬೇಕಾದ್ದಾದರೂ ಏನು? ಸ್ವಲ್ಪ ಯೋಚಿಸಿ ಹೇಳುತ್ತಾರೆ: "ಒಂದು ದಿನ, ಒಂದೇ ಒಂದು ದಿನ, ಟಿಕ್ ಅನ್ನದೆ ಪೂರ್ತಿ ವಾರ್ತೆ ಮುಗೀಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗಿಲ್ಲ. ಯಾರೋ ಒಬ್ಬರು ಏನೋ ಒಂದು ಹೊಸದು ಬರೆದಿರ್ತಾರೆ."

ಈಗ ಆರೂವರೆಗೆ ಸ್ವಲ್ಪವೇ ಹೊತ್ತು ಬಾಕಿ. ಮದುವಣಗಿತ್ತಿಯ ಓರೆಗೆರೆಗಳಿಗೆ ನಿಯಮ ಬರೆದಾಗಿದೆ. ಚಿಂದಿಗಂಟು ಜರಡಿಯಿಂದ ಹಾಯ್ದು ಬಂದಿದೆ, ಒಂದು ಹೊಲಿಗೆಯೂ ಬಿಟ್ಟಿಲ್ಲ. ಬೇಕರಿಯಿಂದ ಮೊದಲ ಬ್ರೆಡ್ಡಿನ ವಾಸನೆ ಮೇಲೇರುತ್ತಿದೆ. ಗಾಜಿನ ಆಚೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ನಾದಿನಿ ಊರಿಗೆ ಶುಭೋದಯ ಹೇಳುತ್ತಾರೆ.

ನೀರು, ವಿದ್ಯುತ್ತು, ಬಸ್ಸು, ಮಾರುಕಟ್ಟೆ, ಆಸ್ಪತ್ರೆ, ಒಂದೊಂದಾಗಿ ವಾರ್ತೆ ಸಾಗುತ್ತದೆ. ಅತ್ತಿಗೆಯ ಬೆರಳು ಗಾಜಿನ ಹತ್ತಿರವೇ ಮಡಚಿಕೊಂಡಿದೆ, ಬಡಿಯಲು ಸಿದ್ಧವಾಗಿ. ಅವಸರದ ಮಾಮನ ಪುಟ ಕಳೆಯುತ್ತದೆ. ಕೂಗುಬಡಕನದೂ ಕಳೆಯುತ್ತದೆ. ಮದುವಣಗಿತ್ತಿಯ ಸರದಿ ಬಂದಾಗ ಅವರು ಪರದೆಯತ್ತ ಬಾಗುತ್ತಾರೆ. ನಾದಿನಿಯ ದನಿ ಅದರ ಮೇಲೂ ಹರಿದು ಮುಂದೆ ಹೋಗುತ್ತದೆ, ಎಲ್ಲೂ ನಿಧಾನಿಸದೆ. ಹವಾಮಾನ. ನಮಸ್ಕಾರ. ಕೆಂಪು ದೀಪ ಆರುತ್ತದೆ. ಮಡಚಿದ ಬೆರಳು ಹಾಗೇ ಇದೆ. ಅತ್ತಿಗೆ ಅದನ್ನೇ ನೋಡುತ್ತಾರೆ, ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ನಗುತ್ತಾರೆ, ಶಾಲು ಜಾರಿ ಬೀಳುವ ಹಾಗೆ.

ಬಾಗಿಲು ತಳ್ಳಿಕೊಂಡು ನಾದಿನಿ ಅವಸರದಲ್ಲಿ ಹೊರಗೆ ಬರುತ್ತಾರೆ. ಕೈ ಗಾಳಿಯಲ್ಲಿ ಕುರ್ಚಿಯನ್ನು ಹುಡುಕುತ್ತಿದೆ.

"ಅತ್ತಿಗೆ, ಇವತ್ತು ಒಂದೂ ಟಿಕ್ ಬರಲಿಲ್ಲ. ನಿಮ್ಮ ಬಡಿತವೂ ಕೇಳಿಸಲಿಲ್ಲ. ನೀವು ಇದೀರೋ ಎದ್ದು ಹೋದಿರೋ ಅಂತ ನನಗೆ ಕೊನೇವರೆಗೂ ಜೀವದಲ್ಲಿ ಜೀವ ಇರಲಿಲ್ಲ."

ಅತ್ತಿಗೆ ಆ ಕೈಯನ್ನು ಹಿಡಿದು ತಮ್ಮ ಹೆಗಲ ಮೇಲಿಟ್ಟುಕೊಳ್ಳುತ್ತಾರೆ.

"ಇಲ್ಲೇ ಇದ್ದೆ ಕಣೆ. ಇದ್ದಿದ್ದಕ್ಕೇ ಬರಲಿಲ್ಲ."